ನಾಲ್ಕನೆಯ ಸಲ ತುಂಡಾದ ವೈರು

ಆ ಗಿಟಾರ್ ನಾಲ್ಕನೆಯ ಸಲ ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಬಂದು ಕೂತಾಗ ನನಗೆ ಪಿತ್ತ ನೆತ್ತಿಗೇರಿತು.

"ಮತ್ತೆ ಇದೇನಾ?"

"ಮತ್ತೆ ಇದೇ, ಮೇಸ್ತ್ರಿಗಳೇ," ಅಂದಳು ಗಿಟಾರ್ ತಂದವಳು. ಹಾಗೆ ಕರೆಯುವಾಗ ಅವಳ ಎಡಹುಬ್ಬು ತುಸು ಮೇಲೇಳುತ್ತದೆ. ಅದನ್ನು ನೋಡಿದರೆ ನನ್ನ ಕೋಪಕ್ಕೆ ಉಳಿಗಾಲವಿಲ್ಲ. ಹಾಗಾಗಿ ಗಿಟಾರನ್ನೇ ದಿಟ್ಟಿಸಿದೆ.

ಅವಳ ಸೋದರಮಾವ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಅರವತ್ತು ವರ್ಷದ ಹಳೇ ಎಲೆಕ್ಟ್ರಿಕ್ ಗಿಟಾರ್ ಅದು. ಹೊಟ್ಟೆ ಟೊಳ್ಳು, ಹಿಂದೆ ಮುಚ್ಚಳವಿಲ್ಲ. ಒಳಗಿನ ವೈರಿಂಗನ್ನೆಲ್ಲ ಮುಂದಿರುವ ಸಣ್ಣ ಕಿಂಡಿಯಿಂದಲೇ ಎಳೆದು ತೆಗೆಯಬೇಕು.

ಮೊದಲ ಸಲ ನಿಜವಾಗಿಯೂ ಕೆಟ್ಟಿತ್ತು. ಆಮೇಲೆ ಎರಡು ಸಲ, ನಾನು ಬೆಸೆದಿದ್ದ ವೈರೇ ಬಿಟ್ಟುಕೊಂಡಿತ್ತು. ತುದಿಯನ್ನಷ್ಟೇ ಕಿಂಡಿಯ ಬಳಿಗೆ ಎಳೆದುಕೊಂಡು, ಸರಿಯಾಗಿ ನೋಡದೆ ಮತ್ತೆ ಬೆಸೆದಿದ್ದೆ. ನನ್ನ ಬೆಸುಗೆ ಬಿಡುವುದೆಂದರೇನು! ಅವಮಾನ ತಡೆಯಲಾರದೆ ಮೂರನೆಯ ಸಲ ಬಾಯಿಗೆ ಬಂದದ್ದು ಅಂದುಬಿಟ್ಟಿದ್ದೆ. "ಇನ್ಮೇಲೆ ಇದನ್ನ ಇಲ್ಲಿಗೆ ತರಬೇಡಿ. ಬೇರೆ ಅಂಗಡಿ ನೋಡ್ಕೊಳ್ಳಿ."

ಎರಡು ತಿಂಗಳು ಅವಳು ಬರಲಿಲ್ಲ. ಆ ಎರಡು ತಿಂಗಳು ನಾನು ಹೇಗಿದ್ದೆ ಅಂತ ಕೇಳಬೇಡಿ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ತಲೆಯೆತ್ತಿ ಎತ್ತಿ ಕತ್ತು ನೋವು ಬಂದಿತ್ತು.

"ಈ ಸಲ ಪೂರ್ತಿ ವೈರಿಂಗೇ ಬದಲಾಯಿಸ್ತೀನಿ," ಅಂದೆ.

ಹಳೆಯದನ್ನೆಲ್ಲ ಕಿಂಡಿಯಿಂದ ಹೊರಗೆಳೆದು ಬಿಳಿ ಬಟ್ಟೆಯ ಮೇಲೆ ಹರಡಿ, ದೀಪ ಬಗ್ಗಿಸಿದೆ. ನನ್ನ ಬೆಸುಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅದರ ಪಕ್ಕದಲ್ಲೇ ವೈರು ನೀಟಾಗಿ ತುಂಡಾಗಿತ್ತು. ತಾಮ್ರ ಇನ್ನೂ ಹೊಳೆಯುತ್ತಿತ್ತು.

"ಇದು ತಾನಾಗಿ ಕಿತ್ತುಬಂದದ್ದಲ್ಲ, ಯಾರೋ ಕತ್ತರಿಸಿದ್ದಾರೆ! ನಿಮ್ಮ ಮನೇಲಿ ಯಾರಿಗ್ರೀ ಇದ್ರ ಮೇಲೆ ಇಷ್ಟು ಸಿಟ್ಟು?"

ಅವಳು ಕಿವಿಯವರೆಗೂ ಕೆಂಪಾದಳು.

"ಹೇರ್‌ಪಿನ್‌ನಲ್ಲಿ ಎಳ್ಕೊಂಡು ನೇಲ್ ಕಟರ್‌ನಲ್ಲಿ ಕತ್ತರಿಸ್ತಿದ್ದೆ," ಅಂದಳು ಕೊನೆಗೆ. "ಮೂರು ಸಲ."

"ಯಾಕೆ?"

"ಅದನ್ನೂ ನಾನೇ ಹೇಳ್ಬೇಕಾ?"

ಅಯ್ಯೋ ದೇವರೇ, ಎಂಥ ಪೆದ್ದ ನಾನು! ಎದೆ ಹಿಗ್ಗಿ ಬಾಯಿ ತೆರೆಯುವಷ್ಟರಲ್ಲಿ ಅವಳು ಬ್ಯಾಗಿನಿಂದ ಒಂದು ಕಾರ್ಡು ತೆಗೆದಿಟ್ಟಳು. ಅವಳ ಮದುವೆ, ಬರುವ ಭಾನುವಾರ.

"ನೀವು ತರಬೇಡಿ ಅಂದ್ರಲ್ಲ, ಆ ವಾರವೇ ಅಮ್ಮ ನೋಡಿದ್ದ ಸಂಬಂಧಕ್ಕೆ ಹೂಂ ಅಂದೆ. ಇದೊಂದು ಸಲ ಕತ್ತರಿಸಿದ್ದು ನಿಮ್ಮನ್ನ ನೋಡಿ ಹೋಗೋಕೆ."

"ಈಗಲೂ ಬೇಡ ಅನ್ನಬಹುದಲ್ಲಾ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅವರು ತುಂಬಾ ಒಳ್ಳೆಯವರು. ಅದೇ ಕಷ್ಟ ನೋಡಿ. ನನ್ನ ಮಾತು ನಂಬಿ ಹೊಸ ಊರಲ್ಲಿ ಮನೆ ಮಾಡಿದ್ದಾರೆ. ಗಿಟಾರ್ ಇಡೋಕೆ ಅಂತ ಗೋಡೆಗೆ ಸ್ಟ್ಯಾಂಡ್ ಕೂಡ ಹೊಡೆಸಿದ್ದಾರೆ."

ಹೊಸ ವೈರಿಂಗ್ ಬೆಸೆದೆ. ಸದ್ದು ಏರಿಸಿ ಇಳಿಸುವ ಒಂದೊಂದು ತಿರುಪಿಗೂ ದಾರ ಕಟ್ಟಿ, ಗಿಟಾರಿನ ಮೈಯಲ್ಲಿ ಅದು ಹೊರಬರಬೇಕಾದ ತೂತಿನಿಂದ ದಾರದ ತುದಿ ಹೊರತೆಗೆದು ಅವಳ ಕೈಗಿತ್ತೆ. ನಾನು ಕಿಂಡಿಯಿಂದ ಒಳಗೆ ತೂರಿಸುವುದು, ಅವಳು ದಾರ ಎಳೆಯುವುದು.

"ಮೆಲ್ಲಗೆ," ಅಂದೆ.

"ಮೆಲ್ಲಗೇ ಎಳೀತಿದ್ದೀನಿ," ಅಂದಳು. ನಮ್ಮಿಬ್ಬರ ಹಣೆ ನಡುವೆ ಒಂದು ಗೇಣೂ ಇರಲಿಲ್ಲ. ಅವಳ ರೆಪ್ಪೆ ಒದ್ದೆಯಾಗಿತ್ತು. ಹತ್ತು ನಿಮಿಷದ ಕೆಲಸಕ್ಕೆ ನಾವಿಬ್ಬರೂ ಒಂದು ಗಂಟೆ ತೆಗೆದುಕೊಂಡೆವು.

ಆಂಪ್ಲಿಫೈಯರ್‌ಗೆ ಹಚ್ಚಿ ತಂತಿ ಮೀಟಿದಳು. ಗೊರಗೊರ ಇಲ್ಲ, ಚಟಪಟ ಇಲ್ಲ. ಅಂಥ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ.

"ಇನ್ನು ಕೆಡಲ್ವಾ?"

ಕೆಡುತ್ತೆ, ಆರು ತಿಂಗಳಿಗೊಮ್ಮೆ ತನ್ನಿ ಅನ್ನಬಹುದಿತ್ತು. ಹಾಳಾದ ಬಾಯಿ, "ಇಪ್ಪತ್ತು ವರ್ಷ ಏನೂ ಆಗಲ್ಲ" ಅಂದುಬಿಟ್ಟಿತು.

"ಒಂದು ಸುಳ್ಳು ಹೇಳೋಕೂ ಬರಲ್ಲ ನಿಮಗೆ," ಅಂತ ನಕ್ಕು, ಗಿಟಾರ್ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ನೀವಂದ್ರೆ ನನಗೆ ಪ್ರಾಣ ಅನ್ನುವ ಮಾತು, ಅವಳು ರಸ್ತೆ ದಾಟಿ ಮರೆಯಾದ ಮೇಲೆ ನನ್ನ ಬಾಯಿಗೆ ಬಂತು. ಖಾಲಿ ಅಂಗಡಿಯಲ್ಲಿ ನಿಂತು ಜೋರಾಗಿಯೇ ಹೇಳಿದೆ.