ಏಳು ಹತ್ತರ ಅಂಕಿ

ಮಿದುಳು ಸಂಶೋಧನೆಯ ಸಂಸ್ಥೆಯ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರ ತಲೆಗೆ ಯಾರೋ ಏಳು ಏಟು ಹಾಕಿದ್ದರು. ಮೂರನೆಯದಕ್ಕೇ ಪ್ರಾಣ ಹೋಗಿದೆ, ಉಳಿದ ನಾಲ್ಕು ಬರೀ ಸಿಟ್ಟಿನವು ಎಂದು ಪೊಲೀಸ್ ಡಾಕ್ಟರು ಇನ್ಸ್‌ಪೆಕ್ಟರಿಗೆ ಹೇಳಿದರು. ಪ್ರಯೋಗದ ಇಲಿಯ ತಲೆ ಅಲುಗದಂತೆ ಹಿಡಿದಿಡುವ ಐದು ಕಿಲೋ ತೂಕದ ಕಬ್ಬಿಣದ ಚೌಕಟ್ಟು ಕುರ್ಚಿಯ ಪಕ್ಕದಲ್ಲೇ ಬಿದ್ದಿತ್ತು. ನಲವತ್ತು ವರ್ಷ ಮಿದುಳನ್ನೇ ಓದಿದ ಮನುಷ್ಯನ ಮಿದುಳು ಅವರದೇ ಮೇಜಿನ ಕಾಗದಗಳ ಮೇಲೆ ಸಿಡಿದಿತ್ತು. ದೊಡ್ಡ ಕಿಟಕಿಯಿಂದ ಬಿಸಿಲು ಧಾರಾಳವಾಗಿ ಬಂದು ಅದನ್ನೆಲ್ಲ ಚೆನ್ನಾಗಿ ತೋರಿಸುತ್ತಿತ್ತು.

"ಕಾಗದ ಮುಟ್ಬೇಡಿ ಅಳಿಯಂದ್ರೇ" ಎಂದು ಬಾಗಿಲಲ್ಲಿ ನಿಂತ ಮಾವನವರು ಹೇಳಿದರು.

ಮಾವನವರು ಪೊಲೀಸ್ ಇಲಾಖೆಯಲ್ಲಿ ಕೈಬರಹ ಪರೀಕ್ಷಕರಾಗಿ ನಿವೃತ್ತರಾದವರು. ಮಗಳ ಮನೆಗೆ ಎರಡು ದಿನ ಇದ್ದು ಹೋಗುತ್ತೇನೆಂದು ಬಂದವರು ಆರು ವರ್ಷದಿಂದ ಇದ್ದಾರೆ. ಮನೆಯಲ್ಲಿ ಬಿಟ್ಟರೆ ಅಡುಗೆಮನೆಯ ಡಬ್ಬಿಗಳ ಮೇಲಿನ ಚೀಟಿ ನೋಡಿಯೇ ಹಿಂದಿನ ದಿನ ಗಂಡ ಹೆಂಡತಿ ಯಾವ ವಿಷಯಕ್ಕೆ ಜಗಳ ಆಡಿದರೆಂದು ಹೇಳಿಬಿಡುತ್ತಾರೆ. ಅದಕ್ಕಿಂತ ಕೊಲೆಯ ಜಾಗಕ್ಕೆ ಕರೆದುಕೊಂಡು ಬರುವುದೇ ವಾಸಿ ಎಂದು ಇನ್ಸ್‌ಪೆಕ್ಟರು ತೀರ್ಮಾನಿಸಿ ಬಹಳ ದಿನವಾಗಿತ್ತು. ಆಮೇಲಿಂದ ಅವರ ಕೈಗೆ ಬಂದ ಕೇಸುಗಳಲ್ಲಿ ಅರ್ಧ ಮಾವನವರೇ ಬಿಡಿಸಿದ್ದು ಎಂಬುದನ್ನು ಮಾತ್ರ ಅವರು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಈ ಸಲ ಮಾವನವರ ಅಗತ್ಯವೇ ಕಾಣಲಿಲ್ಲ. ಹೆಣ ಮೊದಲು ನೋಡಿದವನು ಸಂಸ್ಥೆಯ ಕಾವಲುಗಾರ. ಏಳು ನಲವತ್ತಕ್ಕೆ ಟಪಾಲು ಕೊಡಲು ಹೋದೆ, ಮೇಷ್ಟ್ರು ಹೀಗೆ ಬಿದ್ದಿದ್ದರು, ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ ಎನ್ನುತ್ತಿದ್ದ. ಅವನ ಅಂಗಿ ಪ್ಯಾಂಟು ಎಲ್ಲ ರಕ್ತ. ಅದೂ ಅಲ್ಲದೆ ಹಿಂದಿನ ಸಂಜೆ ಅವನು ಇದೇ ಕೋಣೆಯಲ್ಲಿ ನಿಂತು, "ನನ್ನ ಮಗಳಿಗೆ ಏನಾದ್ರೂ ಆದ್ರೆ ಸುಮ್ನೆ ಬಿಡಲ್ಲ" ಎಂದು ಕೂಗಿದ್ದನ್ನು ಇಡೀ ಮಹಡಿ ಕೇಳಿತ್ತು.

ಅವನ ಮಗಳಿಗೆ ಹತ್ತು ವರ್ಷ. ಮೂರ್ಛೆರೋಗ. ಎರಡು ವಾರ ಅವಳ ತಲೆಬುರುಡೆಯೊಳಗೆ ತಂತಿ ಇಳಿಸಿ ಮಿದುಳಿನ ಮಿಡಿತವನ್ನು ದಾಖಲಿಸಿದ್ದರು. ಮಿದುಳಿನ ನರಗಳಂತೆಯೇ ಒಂದಕ್ಕೊಂದು ಸುದ್ದಿ ದಾಟಿಸುವ ನರಜಾಲವೊಂದನ್ನು ಈ ಸಂಸ್ಥೆಯವರು ಕಂಪ್ಯೂಟರಿನಲ್ಲಿ ಕಟ್ಟಿದ್ದರು. ಅದು ಆ ದಾಖಲೆಯಿಂದ ಕಲಿತು, ಮೂರ್ಛೆ ಹುಟ್ಟುವ ಜಾಗ ಇದೇ ಎಂದು ತೋರಿಸಿತ್ತು. ಅಲ್ಲಿಂದ ಗೋಲಿ ಗಾತ್ರದ ಚೂರನ್ನು ಕತ್ತರಿಸಿ ತೆಗೆಯಲು ಆಸ್ಪತ್ರೆಯವರು ಅವತ್ತು ಮಧ್ಯಾಹ್ನ ಮೂರಕ್ಕೆ ಸಮಯ ಕೊಟ್ಟಿದ್ದರು.

"ನಿನ್ನೆ ಯಾಕೋ ಕೂಗಿದ್ದು?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ಆಪರೇಷನ್ ಬಗ್ಗೆ ನಾಳೆ ಹತ್ತು ಗಂಟೆಗೆ ಹೇಳ್ತೀನಿ, ಅಲ್ಲೀವರೆಗೂ ಏನೂ ಕೇಳ್ಬೇಡ ಅಂದ್ರು ಸಾರ್. ಹೆದರಿಕೆ ಆಯ್ತು. ಬಾಯಿ ತಪ್ಪಿ ಕೂಗ್ದೆ."

ಇನ್ಸ್‌ಪೆಕ್ಟರು ಕೆನ್ನೆಗೆ ಎರಡು ಬಿಟ್ಟರು. ಎರಡನೆಯ ಏಟಿಗೆ ಕಾವಲುಗಾರ ಗೋಡೆಗೆ ಹೋಗಿ ಬಿದ್ದ, ತುಟಿ ಒಡೆಯಿತು. ಅವನು ಕೈ ಎತ್ತಲಿಲ್ಲ. "ಮೂರು ಗಂಟೆಗೆ ನಾನು ಆಸ್ಪತ್ರೇಲಿ ಇರ್ಬೇಕು ಸಾರ್. ಅವಳಿಗೆ ನನ್ನ ಬಿಟ್ರೆ ಯಾರೂ ಇಲ್ಲ" ಎಂದಷ್ಟೇ ಹೇಳಿದ. ಮಾವನವರು ಅಳಿಯನ ಮುಖವನ್ನೊಮ್ಮೆ ನೋಡಿದರು. ಆ ನೋಟ ಇನ್ಸ್‌ಪೆಕ್ಟರಿಗೆ ಇಷ್ಟವಾಗಲಿಲ್ಲ.

"ಬೆಳಗ್ಗೆಯಿಂದ ಏನೇನು ಮಾಡಿದೆಯಪ್ಪ?" ಎಂದು ಮಾವನವರು ಅವನನ್ನು ಕೇಳಿದರು.

"ಆರೂವರೆಗೆ ದೊಡ್ಡ ಮೇಷ್ಟ್ರು ಒಳಗೆ ಹೋದ್ರು. ಏಳು ಗಂಟೆ ದಾಟ್ತಿದ್ದ ಹಾಗೆ ಕರೆಂಟ್ ಹೋಯ್ತು. ಸಿಲಿಂಡರ್ ಲಾರಿ ಬಂದಿತ್ತು, ಗೇಟು ಕರೆಂಟಿಂದು, ಕೈಯಲ್ಲೇ ತಳ್ಳಿ ತೆಗೆದೆ. ಸ್ವಲ್ಪ ಹೊತ್ತಿಗೆ ಬಂತು. ಆಮೇಲೆ ಟಪಾಲು."

ದೊಡ್ಡ ಮೇಷ್ಟ್ರು ಸತ್ತದ್ದು ಏಳರಿಂದ ಏಳೂವರೆಯೊಳಗೆ ಎಂದು ಡಾಕ್ಟರು ಹೇಳಿದ್ದರು. ಆ ಹೊತ್ತಿಗೆ ಸಂಸ್ಥೆಯಲ್ಲಿದ್ದ ಇನ್ನೊಬ್ಬರು ಚಿಕ್ಕ ಮೇಷ್ಟ್ರು ಮಾತ್ರ. ನರಜಾಲ ಕಟ್ಟಿದವರೇ ಅವರು. ಅಂಗಳದ ಆಚೆ, ಕಿಟಕಿಯೇ ಇಲ್ಲದ ಯಂತ್ರದ ಕೋಣೆಯಲ್ಲಿ ಅವರು ಆರೂವರೆಯಿಂದ ಪಾಳಿಯಲ್ಲಿದ್ದರು. ಅದಕ್ಕೆ ಪುರಾವೆಯೂ ಇತ್ತು. ದೊಡ್ಡ ಮೇಷ್ಟ್ರು ಹಳೇ ಕಾಲದವರು. ಯಂತ್ರ ಕಲಿಯುವಾಗ ಒಬ್ಬರು ಪರದೆಯ ಮುಂದೆ ಕೂತು, ಅದರ ತಪ್ಪಿನ ಪ್ರಮಾಣ ಎಷ್ಟಿದೆ ಎಂದು ಹತ್ತು ನಿಮಿಷಕ್ಕೊಮ್ಮೆ ರಿಜಿಸ್ಟರಿನಲ್ಲಿ ಕೈಯಾರೆ ಬರೆಯಲೇಬೇಕು ಎಂಬುದು ಅವರ ಕಟ್ಟಪ್ಪಣೆ.

ಮಾವನವರು ಯಂತ್ರದ ಕೋಣೆಗೆ ಹೋಗಿ ರಿಜಿಸ್ಟರನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಆರೂವರೆಯಿಂದ ಏಳೂವರೆವರೆಗೆ ಏಳು ಅಂಕಿಗಳು. ಆಮೇಲೆ ಗೋಡೆಯ ಗಡಿಯಾರ ನೋಡಿ, ತಮ್ಮ ಕೈಗಡಿಯಾರ ನೋಡಿ, "ಇದು ಒಂಬತ್ತು ನಿಮಿಷ ಹಿಂದಿದೆಯಲ್ಲಮ್ಮ" ಎಂದರು.

ಅಲ್ಲಿ ನಿಂತಿದ್ದ ಸಹಾಯಕಿ ಎಂಟಕ್ಕೆ ಬಂದವಳು, ಅತ್ತು ಅತ್ತು ಕಣ್ಣು ಕೆಂಪಾಗಿತ್ತು. "ನಿನ್ನೆ ಸರಿಯಾಗಿತ್ತು ಸರ್. ಅದು ಕರೆಂಟಲ್ಲಿ ಓಡೋ ಗಡಿಯಾರ" ಎಂದಳು.

ಮಾವನವರು ಅವಳನ್ನು ಪಕ್ಕಕ್ಕೆ ಕರೆದು ಕಾಲು ಗಂಟೆ ಮಾತಾಡಿದರು. ಕೊನೆಗೆ, "ಇಲ್ಲಿ ಸತ್ತ ಇಲಿಗಳನ್ನ ಏನ್ಮಾಡ್ತೀರಿ?" ಎಂದು ಕೇಳಿದ್ದು ಮಾತ್ರ ಇನ್ಸ್‌ಪೆಕ್ಟರ ಕಿವಿಗೆ ಬಿತ್ತು. ಹಳದಿ ಚೀಲಕ್ಕೆ ಹಾಕಿ ಮಧ್ಯಾಹ್ನ ಸುಡುತ್ತೇವೆ ಎಂದಳು. ಮಾವನವರಿಗೆ ವಯಸ್ಸಾಯಿತು ಎಂದು ಇನ್ಸ್‌ಪೆಕ್ಟರು ಅಂದುಕೊಂಡರು.

ಒಂದು ಗಂಟೆಗೆ ಎಲ್ಲರೂ ಸಭೆಯ ಕೋಣೆಯಲ್ಲಿ ಸೇರಿದರು. ಕಾವಲುಗಾರನ ಕೈಗೆ ಬೇಡಿ ಬಿದ್ದಿತ್ತು. ಅವನು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ. ಚಿಕ್ಕ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಸಾವಿನ ಮನೆಗೆ ತಕ್ಕ ಮುಖ ಹೊತ್ತು ಕೂತಿದ್ದರು.

"ಸ್ವಾಮಿ, ಏಳು ಹತ್ತಕ್ಕೆ ಯಂತ್ರದ ಅಂಕಿ ಎಷ್ಟಿತ್ತು?" ಎಂದು ಮಾವನವರು ಅವರನ್ನು ಕೇಳಿದರು.

"0.2984. ಬರೆದಿದೀನಲ್ಲ."

"ಪರದೆ ಸರಿಯಾಗಿ ಕಾಣ್ತಿತ್ತಾ?"

"ದಿನಾ ಕಾಣೋ ಹಾಗೇ."

"ನಿಮ್ಮ ಕಣ್ಣು ದೊಡ್ಡದು. ಏಳು ನಾಲ್ಕರಿಂದ ಏಳು ಹದಿಮೂರರವರೆಗೆ ಕರೆಂಟ್ ಇರಲಿಲ್ಲ. ಯಂತ್ರವೇ ಆ ಹೊತ್ತನ್ನ ಬರೆದಿಟ್ಟಿದೆ, ಗೋಡೆ ಗಡಿಯಾರ ಒಂಬತ್ತು ನಿಮಿಷ ಹಿಂದೆ ಬಿದ್ದದ್ದೂ ಅದಕ್ಕೇ. ಕರೆಂಟ್ ಹೋದಾಗ ಆಸರೆಯಾಗೋ ಬ್ಯಾಟರಿ ಕೆಟ್ಟು ತಿಂಗಳಾಯ್ತಂತೆ. ಕಿಟಕಿ ಇಲ್ಲದ ಕೋಣೆ. ಏಳು ಹತ್ತಕ್ಕೆ ಅಲ್ಲಿ ಕೂತಿದ್ರೆ ನಿಮ್ಮ ಕೈ ನಿಮಗೆ ಕಾಣ್ತಿರಲಿಲ್ಲ."

ಚಿಕ್ಕ ಮೇಷ್ಟ್ರು ಅಂಗಿಯ ತೋಳು ಸರಿಮಾಡಿಕೊಂಡರು. "ಸಮಯ ಹೆಚ್ಚು ಕಮ್ಮಿ ಬರೆದಿರಬಹುದು. ಅಂಕಿ ಸರಿಯಾಗಿದೆ ತಾನೆ?"

"ಸರಿಯಾಗಿದೆ, ಅದೇ ನಿಮ್ಮ ಕುತ್ತಿಗೆಗೆ ಬಂದದ್ದು" ಎಂದು ಮಾವನವರು ಸಹಾಯಕಿಯ ಕಡೆ ತಿರುಗಿದರು. "ನೀನೇ ಹೇಳಮ್ಮ."

"ಯಂತ್ರ ಕಲಿಯೋಕೆ ಶುರು ಮಾಡುವಾಗ ಒಂದು ಸಂಖ್ಯೆ ಕೊಡ್ತೀವಿ" ಎಂದು ಅವಳು ಸಣ್ಣ ದನಿಯಲ್ಲಿ ಹೇಳಿದಳು. "ಅದೇ ದಾಖಲೆಗೆ ಅದೇ ಸಂಖ್ಯೆ ಕೊಟ್ರೆ, ಎಷ್ಟು ಸಲ ಓಡಿಸಿದ್ರೂ ಕೊನೇ ಅಂಕಿವರೆಗೂ ಅದೇ ಬರುತ್ತೆ. ಈ ವಾರ ಪೂರ್ತಿ ಸಂಖ್ಯೆ ಬದಲಾಯಿಸಿಲ್ಲ. ನಿನ್ನೆ ಸಂಜೆ ಯಾರೋ ಅದನ್ನ ಒಂದ್ಸಲ ಓಡಿಸಿದ್ದಾರೆ. ಕರೆಂಟ್ ಬಂದ ಮೇಲೆ ಯಂತ್ರ ನಿಂತಲ್ಲಿಂದಲೇ ಮುಂದುವರೀತು, ಅದಕ್ಕೇ 0.2984 ಇವತ್ತು ಪರದೆ ಮೇಲೆ ಬಂದದ್ದು ಏಳು ಹತ್ತೊಂಬತ್ತಕ್ಕೆ."

"ಅಂದ್ರೆ ಇವರು ಇವತ್ತಿನ ಅಂಕಿಗಳನ್ನ ನಿನ್ನೆಯೇ ತಗೊಂಡ್ರು" ಎಂದರು ಮಾವನವರು. "ಏಳನ್ನೂ ಒಂದೇ ಉಸಿರಿಗೆ ಬರೆದಿದ್ದಾರೆ. ಹತ್ತು ನಿಮಿಷಕ್ಕೊಮ್ಮೆ ಪೆನ್ನು ಎತ್ತಿ ಇಟ್ಟವನ ಬರಹ ಸಾಲಿಗೊಂದು ಥರ ಇರುತ್ತೆ. ಇಲ್ಲಿ ಬರೀತಾ ಬರೀತಾ ಕೈ ಸೋತು, ಏಳು ಸಾಲೂ ಒಂದೇ ಸಮನೆ ಕೆಳಗೆ ಜಾರಿದೆ. ಬರೆದಿಟ್ಟು ಅಂಗಳ ದಾಟಿದ್ರು. ದೊಡ್ಡ ಮೇಷ್ಟ್ರ ಕೋಣೇಲಿ ಬಿಸಿಲು, ಫ್ಯಾನು ದೀಪ ಯಾವುದೂ ಬೇಕಿರಲಿಲ್ಲ. ಕರೆಂಟ್ ಹೋದದ್ದು ಇವರಿಗೆ ಗೊತ್ತೇ ಆಗಲಿಲ್ಲ."

"ನಾನ್ಯಾಕೆ ಅವರನ್ನ ಕೊಲ್ಲಲಿ?"

ಸಹಾಯಕಿಯೇ ಉತ್ತರ ಕೊಟ್ಟಳು. "ನಿಮ್ಮ ನರಜಾಲಕ್ಕೆ ಏನೂ ಬರಲ್ಲ ಅಂತ ನಿನ್ನೆ ನಾನೇ ದೊಡ್ಡ ಮೇಷ್ಟ್ರಿಗೆ ತೋರಿಸಿದೆ. ಪರೀಕ್ಷೆಗೆ ಅಂತ ತೆಗೆದಿಟ್ಟ ದಾಖಲೆನೇ ಪಾಠಕ್ಕೂ ಹಾಕಿದ್ರಿ. ಉತ್ತರ ಬಾಯಿಪಾಠ ಮಾಡಿಸಿ ನೂರಕ್ಕೆ ನೂರು ಕೊಟ್ಕೊಂಡ್ರಿ. ಆ ಮಗು ತಲೇಲಿ ಅದು ತೋರಿಸಿದ ಜಾಗ ಸುಳ್ಳು. ಹತ್ತು ಗಂಟೆಗೆ ಎಲ್ಲರ ಮುಂದೆ ಹೇಳಿ, ಆಪರೇಷನ್ ನಿಲ್ಲಿಸ್ತೀನಿ ಅಂತ ನಿನ್ನೆಯೇ ನಿಮ್ಮ ಮುಖಕ್ಕೇ ಹೇಳಿದ್ರು ಅವರು."

ಮಾವನವರು ಕಣ್ಸನ್ನೆ ಮಾಡಿದರು. ಪೇದೆಯೊಬ್ಬ ಹಳದಿ ಚೀಲವನ್ನು ತಂದು ನೆಲಕ್ಕೆ ಸುರಿದ. ಆರು ಸತ್ತ ಇಲಿಗಳ ನಡುವೆ ಒಂದು ಬಿಳಿ ಕೋಟು, ಎದೆಯಿಂದ ತೋಳಿನವರೆಗೆ ರಕ್ತ ಒಣಗಿ ಕಪ್ಪಾಗಿದ್ದದ್ದು, ಬಿತ್ತು. ಜೇಬಿನ ಮೇಲೆ ಚಿಕ್ಕ ಮೇಷ್ಟ್ರ ಹೆಸರಿನ ಪಟ್ಟಿ ಹಾಗೇ ಇತ್ತು.

ಆಮೇಲೆ ಆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಚಿಕ್ಕ ಮೇಷ್ಟ್ರು ಜೇಬಿನಿಂದ ಶಸ್ತ್ರಚಿಕಿತ್ಸೆಯ ಚಾಕು ತೆಗೆದು, ಸಹಾಯಕಿಯ ಜಡೆ ಹಿಡಿದು ಹಿಂದಕ್ಕೆ ಜಗ್ಗಿ, ಅವಳ ಗಂಟಲಿಗೆ ಒತ್ತಿದರು. "ಎಂಟು ವರ್ಷ ಕಣೇ. ಎಂಟು ವರ್ಷದ ಕೆಲಸ" ಎಂದು ಹಲ್ಲು ಕಡಿದರು. ಚಾಕುವಿನ ಕೆಳಗೆ ರಕ್ತ ಜಿನುಗಿತು. ಇನ್ಸ್‌ಪೆಕ್ಟರು ಎರಡು ಹೆಜ್ಜೆ ದೂರದಲ್ಲಿದ್ದರು, ಅದು ಬಹಳ ದೂರ. ಹತ್ತಿರವಿದ್ದವನು ಕಾವಲುಗಾರ. ಅವನು ಬೇಡಿ ಹಾಕಿದ ಎರಡೂ ಕೈಯನ್ನು ಚಾಕುವಿಗೂ ಅವಳ ಕುತ್ತಿಗೆಗೂ ನಡುವೆ ತುರುಕಿದ. ಚಾಕು ಅವನ ಮುಂಗೈಯನ್ನು ಮೂಳೆಯವರೆಗೆ ಸೀಳಿತು, ಅವನು ಬಿಡಲಿಲ್ಲ. ಅಷ್ಟರಲ್ಲಿ ಇನ್ಸ್‌ಪೆಕ್ಟರ ಲಾಠಿ ಚಿಕ್ಕ ಮೇಷ್ಟ್ರ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಇನ್ಸ್‌ಪೆಕ್ಟರು ಮೊದಲು ಆಸ್ಪತ್ರೆಗೆ ಫೋನು ಮಾಡಿ ಆಪರೇಷನ್ ನಿಲ್ಲಿಸಿದರು. ಆಮೇಲೆ ತಾವೇ ಬೇಡಿ ಬಿಚ್ಚಿದರು. ಕೈಗೆ ಬಟ್ಟೆ ಸುತ್ತಿಸಿಕೊಳ್ಳುತ್ತ ಕಾವಲುಗಾರ ಸಹಾಯಕಿಯನ್ನು ಕೇಳಿದ. "ಹಾಗಾದ್ರೆ ನನ್ನ ಮಗಳ ತಲೇಲಿ ತಪ್ಪು ಎಲ್ಲಿದೆ ತಾಯಿ?"

"ಗೊತ್ತಿಲ್ಲ ಅಣ್ಣ" ಎಂದಳು ಅವಳು. "ಗೊತ್ತಿಲ್ಲ ಅನ್ನೋದನ್ನ ಹೇಳೋಕೇ ಮೇಷ್ಟ್ರು ಹತ್ತು ಗಂಟೆಗೆ ಎಲ್ಲರನ್ನೂ ಕರೆದಿದ್ರು. ಮತ್ತೆ ಮೊದಲಿಂದ ಹುಡುಕ್ತೀನಿ."

ಆಸ್ಪತ್ರೆಗೆ ಹೊರಟ ಜೀಪಿನಲ್ಲಿ ಮಾವನವರು ಹಿಂದೆ ಕೂತಿದ್ದರು. ದಾರಿಯುದ್ದಕ್ಕೂ ಒಂದೇ ಒಂದು ಕುಹಕ ಆಡಲಿಲ್ಲ, ಇನ್ಸ್‌ಪೆಕ್ಟರಿಗೆ ಅದೇ ಹಿಂಸೆಯಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ತಲೆ ಬೋಳಿಸಿದ ಹುಡುಗಿ ಕಾಲು ಇಳಿಬಿಟ್ಟು ಕೂತಿದ್ದಳು. ಮುಂಗೈಗೆ ಹೊಲಿಗೆ ಹಾಕಿಸಿಕೊಂಡು ಬಂದ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು.

"ಇವತ್ತು ತಲೆ ಕುಯ್ಯಲ್ವಂತೆ. ನಿಜಾನಾ ಅಪ್ಪ?"

"ನಿಜ ಮಗಳೇ."

"ಕೈ ಏನಾಯ್ತು? ಕೆನ್ನೆ ಯಾಕೆ ಊದಿದೆ?"

ಕಾವಲುಗಾರ ಇನ್ಸ್‌ಪೆಕ್ಟರ ಕಡೆ ನೋಡಲಿಲ್ಲ. "ಬೆಳಗ್ಗೆ ಕರೆಂಟ್ ಹೋಗಿತ್ತು. ಗೇಟು ತಳ್ಳುವಾಗ ತಾಗ್ತು" ಎಂದ.

ಇನ್ಸ್‌ಪೆಕ್ಟರು ಅಲ್ಲಿಂದ ಹೊರಟುಬಿಡಬಹುದಿತ್ತು. ಮಾವನವರು ಬಾಗಿಲಲ್ಲಿ ಗೋಡೆಯ ಮೇಲಿನ ಬರಹ ಓದುವವರಂತೆ ನಿಂತಿದ್ದರು. ಇನ್ಸ್‌ಪೆಕ್ಟರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಗೇಟಲ್ಲ ಪುಟ್ಟಿ. ಕೆನ್ನೆಗೆ ಹೊಡೆದದ್ದು ನಾನು. ನಿಮ್ಮಪ್ಪ ಏನೂ ತಪ್ಪು ಮಾಡಿರಲಿಲ್ಲ."

ಹುಡುಗಿ ಅವರನ್ನೇ ದಿಟ್ಟಿಸಿದಳು. "ಹಾಗಾದ್ರೆ ನನಗ್ಯಾಕೆ ಹೇಳ್ತೀರಿ?" ಎಂದಳು. "ಅಪ್ಪ ಇಲ್ಲೇ ಇದ್ದಾರಲ್ಲ."

ಇನ್ಸ್‌ಪೆಕ್ಟರು ಕಾವಲುಗಾರನ ಕಡೆ ತಿರುಗಿ, ಎರಡೂ ಕೈ ಜೋಡಿಸಿದರು.