ನಗಿಸಬೇಡಿ, ನೋವಾಗುತ್ತೆ!

"ಸ್ವಲ್ಪ ದಾರಿ ಬಿಡಿ ಮೇಡಂ... ನಮ್ ನಾಯಿ ಬರ್ತಾ ಇದೆ, ಕಚ್ಚಿಬಿಟ್ಟೀತು!"

ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆ ಹಿಡಿದುಕೊಂಡು, ಹೆಜ್ಜೆಹೆಜ್ಜೆಗೂ ದೇವರನ್ನು ನೆನೆಯುತ್ತಾ ನಡೆಯುತ್ತಿದ್ದ ಶಶಿರೇಖ ಬೆಚ್ಚಿ ತಿರುಗಿದಳು.

ನಾಯಿ? ಆಸ್ಪತ್ರೆಯೊಳಗೆ?

ನಾಯಿ ಇರಲಿಲ್ಲ. ರೋಗಿಗಳ ಹಸಿರು ಅಂಗಿ ತೊಟ್ಟ, ಕುರುಚಲು ಗಡ್ಡದ ಒಬ್ಬ ಯುವಕ ನಿಂತಿದ್ದ. ಅವನ ಪಕ್ಕೆಯಿಂದ ಹೊರಟ ಉದ್ದನೆಯ ಟ್ಯೂಬೊಂದು ಕೈಯಲ್ಲಿ ಜೋತುಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿಯೊಳಗೆ ಇಳಿದಿತ್ತು. ಬಾಟಲಿಯ ನೀರಿನಲ್ಲಿ ಗುಳುಗುಳು ಗುಳ್ಳೆ ಏಳುತ್ತಿತ್ತು.

"ಇದೇ ನಮ್ ನಾಯಿ," ಎಂದ ಅವನು ಗಂಭೀರವಾಗಿ. "ಡಾಕ್ಟರು ವಾಕಿಂಗ್ ಮಾಡಿಸು ಅಂದ್ರು. ನೋಡಿ, ಹೊಸಬರನ್ನ ಕಂಡ್ರೆ ಹೆಂಗೆ ಗುರ್ ಅಂತಿದೆ!"

ಪಾಪ, ಶಶಿರೇಖಳಿಗೆ ನಗಬೇಕೆಂದೇನೂ ಇರಲಿಲ್ಲ. ನಗು ಅವಳನ್ನು ಕೇಳಿಕೊಂಡು ಬರಲಿಲ್ಲ, ಅಷ್ಟೆ. ಕಿಸಕ್ಕನೆ ನಕ್ಕೇಬಿಟ್ಟಳು.

ಮರುಕ್ಷಣವೇ...

"ಅಮ್ಮಾ!"

ಹುಟ್ಟಿನಿಂದಲೇ ಹೃದಯದಲ್ಲಿದ್ದ ತೂತನ್ನು ಮುಚ್ಚಲು ಎದೆಯ ನಡುಮೂಳೆ ಸೀಳಿ, ಆಮೇಲೆ ತಂತಿ ಹಾಕಿ ಬಿಗಿದು ಇನ್ನೂ ವಾರ ತುಂಬಿರಲಿಲ್ಲ. ಕೆಮ್ಮಿದರೆ ನೋವು. ಸೀನು ಬರುವ ಸೂಚನೆ ಕಂಡರೆ ಸಾಕು, ಕಣ್ಣಲ್ಲಿ ನೀರು. ಆದರೆ ನಗುವಿನ ನೋವು ಹೇಗಿರುತ್ತದೆಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ. ಆ ವಾರ್ಡಿನಲ್ಲಿ ಅವಳನ್ನು ಯಾರೂ ನಗಿಸಿಯೇ ಇರಲಿಲ್ಲವಲ್ಲ!

ಎದೆಗೆ ಎರಡೂ ಕೈ ಒತ್ತಿ ಹಿಡಿದು, ಉಸಿರು ಸಿಕ್ಕಿದ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಅವನನ್ನು ನೋಡಿದಳು.

"ಮನುಷ್ಯತ್ವ ಐತೇನ್ರೀ ನಿಮಗೆ? ನಗಿಸ್ಬೇಡ್ರೀ! ಓಗ್ರೀ ಆಚೆ, ನಿಮ್ ನಾಯಿ ಕರ್ಕೊಂಡು!"

ಅವನ ಮುಖ ಅರಳಿತು. "ಓಗ್ರೀನಾ? ನೀವು ಬಂಗಾರಪೇಟೆ ಕಡೆಯವರಾ?"

ಬೆಂಗಳೂರಿನ ಕಂಪನಿಯೊಂದರ ರಿಸೆಪ್ಷನ್‌ನಲ್ಲಿ ಕೂತು ಇಡೀ ದಿನ 'ಹ'ಕಾರವನ್ನು ಜೋಪಾನವಾಗಿ ಉಚ್ಚರಿಸುವ ಹುಡುಗಿ, ಸಿಟ್ಟಿನಲ್ಲಿ ಊರಿಗೆ ಹೋಗಿಬಿಟ್ಟಿದ್ದಳು! ಕೆನ್ನೆ ಬಿಸಿಯಾಯಿತು.

"ನಾನು ನರೇಶ. ರಾಬರ್ಟ್‌ಸನ್‌ಪೇಟೆಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದೀನಿ. ಎಡಗಡೆ ಶ್ವಾಸಕೋಶದ ಸುತ್ತ ಕೀವು ತುಂಬ್ಕೊಂಡಿತ್ತು. ಪಕ್ಕೆ ಕೊಯ್ದು ತೆಗೆದ್ರು. ನೀವು ಮಾರಿಕುಪ್ಪಂ ಟ್ರೈನಲ್ಲೇ ಓಡಾಡೋದಾ?"

ಅವಳು ತಿರುಗಿ, ಗೋಡೆ ಹಿಡಿದು ತನ್ನ ವಾರ್ಡಿಗೆ ನಡೆದಳು.

'ಎಂಥಾ ತಲೆಹರಟೆ ಮನುಷ್ಯ! ಇನ್ನೊಂದು ಸಲ ಕಣ್ಣಿಗೆ ಬೀಳದೇ ಇರ್ಲಪ್ಪಾ...'

ಬಿದ್ದ. ಮರುದಿನ ಬೆಳಿಗ್ಗೆಯೇ ಬಿದ್ದ. ಸಂಜೆಯೂ ಬಿದ್ದ. ಇಬ್ಬರಿಗೂ ನಡೆಯಲು ಇದ್ದದ್ದು ಅದೊಂದೇ ಕಾರಿಡಾರು, ಏನು ಮಾಡೋಣ!

ಪ್ರೀತಿ ಹುಟ್ಟುವ ಜಾಗ ಅದಲ್ಲ ಬಿಡಿ. ಫಿನಾಯಿಲ್ ವಾಸನೆ, ಕೆದರಿದ ತಲೆಗೂದಲು, ಬಾಯೆಲ್ಲ ಕಹಿ. ಆದರೆ ಅಲ್ಲಿ ಒಂದು ಅನುಕೂಲವಿತ್ತು. ಮುಚ್ಚಿಡಲು ಯಾರಿಗೂ ಏನೂ ಉಳಿದಿರಲಿಲ್ಲ. ಕೈ ಊರದೆ ಪಕ್ಕಕ್ಕೆ ಹೊರಳಿ ಹಾಸಿಗೆಯಿಂದ ಏಳುವುದು ಹೇಗೆ, ಕೆಮ್ಮು ಬಂದಾಗ ದಿಂಬನ್ನು ಎದೆಗೆ ಎಷ್ಟು ಬಿಗಿಯಾಗಿ ಅಪ್ಪಿಕೊಳ್ಳಬೇಕು, ಯಾವ ಕಾರಣವೂ ಇಲ್ಲದೆ ಮಧ್ಯಾಹ್ನ ಅಳು ಉಕ್ಕಿ ಬರುವುದೇಕೆ... ಬೇರೆ ಯಾರಿಗೆ ಹೇಳಿದರೂ ಅರ್ಥವಾಗದ ಈ ಮಾತುಗಳು ಅವನಿಗೆ ಅರ್ಧ ಹೇಳುವಷ್ಟರಲ್ಲೇ ಅರ್ಥವಾಗುತ್ತಿದ್ದವು.

ಒಂದು ದಿನ ನರ್ಸ್ ಇಂದ್ರಾಣಿ ಬಂದು, "ನೋವು ಹತ್ತಕ್ಕೆ ಎಷ್ಟಿದೆಯಮ್ಮ?" ಎಂದು ಕೇಳಿದಾಗ ಶಶಿರೇಖ, "ಹನ್ನೆರಡು ಸಿಸ್ಟರ್," ಅಂದಳು.

"ಅಯ್ಯೋ ಪಾವಂ!" ಎಂದು ತನ್ನೂರಿನ ತಮಿಳಿನಲ್ಲಿ ಪಾಪ ಅಂದ ಬಾಗಿಲಲ್ಲಿದ್ದ ನರೇಶ. "ಓದೋವಾಗ ನಂಗೆ ಯಾರೂ ಇಂಗೆ ಹತ್ತಕ್ಕೆ ಹನ್ನೆರಡು ಕೊಡ್ಲಿಲ್ಲ ನೋಡಿ!"

"ಸಿಸ್ಟರ್, ಅವರನ್ನ ಕಳಿಸಿ! ಅಮ್ಮಾ... ನಗಿಸ್ಬೇಡಿ, ನೋವಾಗುತ್ತೆ!"

ಬಾಯಿ ಬೇಡವೆನ್ನುತ್ತಿತ್ತು. ಕಣ್ಣು ಮಾತ್ರ ಬಾಗಿಲಿನ ಕಡೆಗೇ ಇರುತ್ತಿತ್ತು.

* * *

ಬಂಗಾರಪೇಟೆ ಹತ್ತಿರದ ಹಳ್ಳಿಯ ಮನೆಗೆ ಬಂದ ಮೇಲೆ ಶಶಿರೇಖಳ ನಿಜವಾದ ಕಷ್ಟ ಶುರುವಾಯಿತು.

ಎಲ್ಲರೂ ಅವಳನ್ನು ಗಾಜಿನ ಲೋಟ ಮಾಡಿಬಿಟ್ಟರು! ಅಮ್ಮ ಗಂಗರತ್ನಮ್ಮ ನೀರಿನ ಚೊಂಬನ್ನೂ ಎತ್ತಲು ಬಿಡಲಿಲ್ಲ. ಅಪ್ಪ ಮುನಿಸ್ವಾಮಪ್ಪ ಡೈರಿಗೆ ಹಾಲು ಹಾಕಿ ಬಂದು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ತುದಿಗಾಲಲ್ಲಿ ಒಳಗೆ ಬರುತ್ತಿದ್ದರು. ಪಕ್ಕದ ಮನೆಯ ಚಿಕ್ಕವೆಂಕಟಮ್ಮ ದಿನಾ ಬಂದು ಎದುರಿಗೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಎಂಗಿದ್ದ ಉಡುಗಿ ಎಂಗಾಗೋದ್ಳು! ಎದೇನೇ ಸೀಳ್ಬುಟ್ರಲ್ಲ ತಾಯಿ!"

ಆಗ ಅವಳಿಗೆ ಉಸಿರಾಡಲು ಸಿಗುತ್ತಿದ್ದ ಒಂದೇ ಕಿಟಕಿ, ನರೇಶನ ಫೋನು. ಅವನು ಅವಳಿಗೆ ಅಯ್ಯೋ ಎನ್ನುತ್ತಿರಲಿಲ್ಲ. ಅಂಗಡಿಯ ಕಥೆ ಹೇಳುತ್ತಿದ್ದ, ಕಾಲೆಳೆಯುತ್ತಿದ್ದ, ಜಗಳವಾಡುತ್ತಿದ್ದ. ಅವನ ಜತೆ ಮಾತಾಡುವಾಗ ಅವಳು ರೋಗಿಯಾಗಿರುತ್ತಿರಲಿಲ್ಲ, ಶಶಿರೇಖಳಾಗಿರುತ್ತಿದ್ದಳು.

'ಇವರು ಇಲ್ಲದಿದ್ರೆ ನಾನು ಏನಾಗ್ತಿದ್ದೆ?' ಎಂದು ಒಮ್ಮೆ ಯೋಚಿಸಿ, ಆ ಯೋಚನೆಗೆ ತಾನೇ ಹೆದರಿದಳು.

ಒಂದು ಭಾನುವಾರ ನರೇಶ ಮನೆಗೇ ಬಂದ. ಗಂಗರತ್ನಮ್ಮನ ಕೆಟ್ಟುಹೋದ ಮಿಕ್ಸಿಯನ್ನು ಬಿಚ್ಚಿ, ಸರಿಮಾಡಿ, ಚಟ್ನಿ ರುಬ್ಬಿಸಿ ತೋರಿಸಿ, ಆಕೆಯ ಮನಸ್ಸನ್ನು ಅರ್ಧ ಗೆದ್ದೂಬಿಟ್ಟ. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ?

"ಕೇಳಿ ಇಲ್ಲಿ, ಮೊನ್ನೆ ಅಂಗಡಿಗೆ ಒಬ್ಬರು ಅಮ್ಮ ಬಂದಿದ್ರು. 'ಮಿಕ್ಸಿ ಸದ್ದು ಜಾಸ್ತಿ, ನಮ್ ಯಜಮಾನ್ರ ನಿದ್ದೆ ಕೆಡುತ್ತೆ, ಕಮ್ಮಿ ಮಾಡ್ಕೊಡಪ್ಪ' ಅಂದ್ರು. ಮಾಡ್ಕೊಟ್ಟೆ. ಮಾರನೇ ದಿನ ಯಜಮಾನ್ರೇ ಅದೇ ಮಿಕ್ಸಿ ಎತ್ಕೊಂಡು ಬಂದ್ರು. 'ತಮ್ಮಾ, ನಿನ್ ಕಾಲಿಗೆ ಬೀಳ್ತೀನಿ, ಮೊದಲಿನಷ್ಟೇ ಸದ್ದು ಮಾಡ್ಕೊಡು. ಈಗ ಅವಳು ಬಯ್ಯೋದೆಲ್ಲ ಕೇಳಿಸ್ತಾ ಐತೆ!'"

ಶಶಿರೇಖ ನಕ್ಕಳು. ಗಂಗರತ್ನಮ್ಮನೂ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ದಿಂಬು ಕೈಗೆ ಸಿಗಲಿಲ್ಲ. ಎದೆಯೊಳಗೆ 'ಟಕ್' ಎಂದು ಏನೋ ಸದ್ದಾಯಿತು. ಕೋಣೆಯಲ್ಲಿದ್ದ ಮೂವರಿಗೂ ಕೇಳಿಸಿತು!

"ಅಮ್ಮಾ... ಮುರೀತು... ಒಳಗೆ ಏನೋ ಮುರೀತು!"

"ಅಯ್ಯೋ ನನ್ ಮಗ್ಳೇ! ಏನ್ ಮಾಡ್ಬುಟ್ಟೆ ಸಾಮಿ ನೀನು? ಇಂಗಾ ನಗ್ಸೋದು!" ಗಂಗರತ್ನಮ್ಮ ಚೀರಿದರು.

ನರೇಶನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳ ಕಡೆ ಒಂದು ಹೆಜ್ಜೆ ಇಟ್ಟ. ನೋವಿನಲ್ಲಿ ಮುದುಡಿದ್ದ ಅವಳು ಕಣ್ಣು ಮುಚ್ಚಿಕೊಂಡೇ ಅಂದಳು.

"ಓಗ್ರೀ... ದಯವಿಟ್ಟು ಓಗಿಬಿಡಿ. ಇನ್ನು ಬರಬೇಡಿ!"

ಅವನು ಹೋದ. ಬಂದ ದಾರಿಯಲ್ಲೇ, ತಲೆ ತಗ್ಗಿಸಿಕೊಂಡು.

ಆಸ್ಪತ್ರೆಗೆ ಫೋನ್ ಮಾಡಿದಾಗ, ಕೂಡಿಕೊಳ್ಳುತ್ತಿರುವ ಮೂಳೆ ಒಮ್ಮೊಮ್ಮೆ ಹಾಗೆ ಸದ್ದು ಮಾಡುವುದುಂಟು, ಯಾವುದಕ್ಕೂ ಒಂದು ಎಕ್ಸ್-ರೇ ತೆಗೆಸಿ ಕಳಿಸಿ ಅಂದರು. ಬಂಗಾರಪೇಟೆಯಲ್ಲೇ ತೆಗೆಸಿ ಕಳಿಸಿದ್ದಾಯಿತು. ಏನೂ ಆಗಿರಲಿಲ್ಲ. ನೋವೂ ಇಳಿಯಿತು. ಆ ಗಾಬರಿಯಲ್ಲಿ ನರೇಶನಿಗೊಂದು ಮಾತು ಹೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಮರುದಿನ ಅವನಿಂದ ಮೆಸೇಜು ಬಂತು. ಆಸೆಯಿಂದ ತೆರೆದಳು.

'ಶುಭೋದಯ. ಸಮಯಕ್ಕೆ ಸರಿಯಾಗಿ ಔಷಧಿ ತೆಗೆದುಕೊಳ್ಳಿ. ವಿಶ್ರಾಂತಿ ಮಾಡಿ.'

ಇಷ್ಟೇನಾ? ನಾಯಿಯಿಲ್ಲ, ಮಿಕ್ಸಿಯಿಲ್ಲ, ಜಗಳವಿಲ್ಲ!

ಅದರ ಮರುದಿನವೂ ಅದೇ. ಆಮೇಲೂ ಅದೇ. ಫೋನ್ ಮಾಡುವುದನ್ನು ಪೂರ್ತಿ ನಿಲ್ಲಿಸಿದ. ಇವಳೂ ಸೋಲಲಿಲ್ಲ. 'ಧನ್ಯವಾದಗಳು. ತಾವೂ ಆರೋಗ್ಯ ನೋಡಿಕೊಳ್ಳಿ' ಎಂದು ತಾಲ್ಲೂಕು ಕಚೇರಿಯ ಭಾಷೆಯಲ್ಲೇ ಉತ್ತರ ಕೊಟ್ಟಳು. ಒಂದೇ ಕಾರಿಡಾರಿನಲ್ಲಿ ಒಟ್ಟಿಗೆ ನರಳಿದವರು ಹೀಗೆ ಅರ್ಜಿ ವಿನಿಮಯ ಮಾಡಿಕೊಳ್ಳತೊಡಗಿದರು.

ಸ್ನಾನದ ನಂತರ ಕನ್ನಡಿಯ ಮುಂದೆ ನಿಂತು, ಕತ್ತಿನ ಕೆಳಗಿಂದ ಇಳಿದ ಆ ಗೆರೆಯನ್ನು ನೋಡಿಕೊಂಡಳು. ಇನ್ನೂ ಕೆಂಪಗಿತ್ತು. ಅಂಚಿನಲ್ಲಿ ಜೋಮು, ಮಧ್ಯದಲ್ಲಿ ತುರಿಕೆ.

'ಎಷ್ಟಂದ್ರೂ ಎದೆ ಒಡೆದು ಅಂಟಿಸಿದ ಹುಡುಗಿ ನಾನು. ಒಂದು ಸಲ ನಕ್ಕರೆ ಮುರಿದು ಹೋಗೋಳು. ಯಾರಿಗೆ ಬೇಕು ಈ ಗೋಳು? ಅವರೂ ಯೋಚನೆ ಮಾಡಿರ್ತಾರೆ... ಹಿಂದೆ ಸರಿದಿದ್ದಾರೆ...'

ಆವತ್ತಿನಿಂದ ಅವಳು ನಗಲಿಲ್ಲ. ಕೆಮ್ಮು ಬಂದರೆ ನುಂಗಿದಳು. ಉಸಿರನ್ನೂ ಅಳೆದಳೆದು ಎಳೆದುಕೊಂಡಳು.

* * *

ಮೂರು ತಿಂಗಳ ತಪಾಸಣೆಗೆ ಅಪ್ಪನ ಜತೆ ಬೆಂಗಳೂರಿಗೆ ಹೋದಳು. ಡಾಕ್ಟರ್ ಕವಿತ ಎಕ್ಸ್-ರೇ ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ಆಮೇಲೆ ಸ್ಟೆತಾಸ್ಕೋಪ್ ಇಟ್ಟು, "ಜೋರಾಗಿ ಉಸಿರು ಎಳ್ಕೊಳ್ಳಿ," ಅಂದರು.

ಶಶಿರೇಖ ಎಳೆದುಕೊಂಡಳು.

"ಇದು ಜೋರಾ? ಮೂಳೆ ಚೆನ್ನಾಗಿ ಕೂಡಿದೆ. ಯಾಕಮ್ಮ ಇಷ್ಟು ಹೆದರ್ತೀರಿ?"

"ನೋವಾದ್ರೆ... ಒಳಗೆ ಮತ್ತೆ ಬಿಚ್ಕೊಳ್ಳುತ್ತೇನೋ ಅಂತ, ಡಾಕ್ಟ್ರೇ."

ಕವಿತ ಕುರ್ಚಿ ಹತ್ತಿರ ಎಳೆದುಕೊಂಡರು. "ನೋಡಿ, ನೋವಾಗೋದು ಬೇರೆ, ಕೆಡೋದು ಬೇರೆ. ಸೇರ್ಕೊಳ್ಳುವಾಗಲೂ ಮೈ ನೋಯುತ್ತೆ. ಇನ್ನೂ ಸ್ವಲ್ಪ ದಿನ ಚುಚ್ಚುತ್ತೆ, ಎಳೆಯುತ್ತೆ. ಅಷ್ಟಕ್ಕೆ ಮುರೀತು ಅಂತಲ್ಲ."

"ನಗಬಹುದಾ?"

ಡಾಕ್ಟರಿಗೇ ನಗು ಬಂತು. "ಬೇಡ ಅಂದವರು ಯಾರು? ಶ್ವಾಸಕೋಶ ಪೂರ್ತಿ ತೆರೆಯೋಕೆ ಅದಕ್ಕಿಂತ ಒಳ್ಳೆ ವ್ಯಾಯಾಮ ಯಾವುದಿದೆ? ನೀವು ನಗದೇ ಇದ್ರೇನೇ ನಂಗೆ ಚಿಂತೆ!"

ಮಾರಿಕುಪ್ಪಂ ಟ್ರೈನಿನಲ್ಲಿ ಕಿಟಕಿ ಪಕ್ಕ ಕೂತು ಅವಳು ದಾರಿಯುದ್ದಕ್ಕೂ ಆ ಮಾತನ್ನೇ ಯೋಚಿಸಿದಳು. ಬಂಗಾರಪೇಟೆ ಬಂತು. ಮುನಿಸ್ವಾಮಪ್ಪ ಚೀಲ ಎತ್ತಿಕೊಂಡು ನಿಂತರು.

"ಅಪ್ಪಾ... ನಾನು ಇಲ್ಲಿ ಇಳಿಯಲ್ಲ."

ಮುನಿಸ್ವಾಮಪ್ಪ ಮಗಳ ಮುಖ ನೋಡಿದರು. ಹಸುವಿನ ಕಣ್ಣು ನೋಡಿಯೇ ಅದಕ್ಕೇನು ಬೇಕೆಂದು ಹೇಳುವ ಮನುಷ್ಯ. ಮಗಳದ್ದು ತಿಳಿಯದೇ?

"ಆ ಮಿಕ್ಸಿ ಉಡುಗನ್ ತಾವ್ಕಾ?"

ಅವಳು ತಲೆ ತಗ್ಗಿಸಿದಳು. ಅವರು ಚೀಲ ಕೆಳಗಿಟ್ಟು ಮತ್ತೆ ಕೂತರು.

"ಸರಿ ನಡಿ, ನಾನೂ ಬತ್ತೀನಿ. ಈ ಮೂರು ತಿಂಗಳಾಗೆ ನೀನು ನಕ್ಕಿದ್ದು ನಾನು ನೋಡಿದ್ದು ಅವನ್ ಫೋನ್ ಬಂದಾಗ್ಲೇ ಕಣಮ್ಮ."

ಅದೇ ಟ್ರೈನಿನಲ್ಲಿ ಮುಂದೆ ಹೋಗಿ, ರಾಬರ್ಟ್‌ಸನ್‌ಪೇಟೆಯಲ್ಲಿ ಆಟೊ ಇಳಿದಾಗ ಅಪ್ಪನಿಗೆ ಇದ್ದಕ್ಕಿದ್ದಂತೆ ಟೀ ಬಾಯಾರಿಕೆಯಾಯಿತು. ಎದುರಿನ ಹೋಟೆಲಿಗೆ ಹೋಗಿ ರಸ್ತೆಗೆ ಬೆನ್ನು ಹಾಕಿ ಕೂತರು.

ನರೇಶ ಬಿಚ್ಚಿದ ಮೋಟಾರೊಂದರ ಮುಂದೆ ಕೂತಿದ್ದ. ಅವಳನ್ನು ಕಂಡದ್ದೇ ಎದ್ದ ರಭಸಕ್ಕೆ ಸ್ಕ್ರೂಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ಕೂತ್ಕೊಳ್ಳಿ. ನೀರು ಕೊಡ್ಲಾ? ಆಯಾಸ ಆಗಿಲ್ಲ ತಾನೇ?"

ಮುಖದಲ್ಲಿ ನಗುವಿನ ಸುಳಿವೇ ಇಲ್ಲ!

ಅವಳಿಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಗೇ ಬಂತು. "ಶುಭೋದಯ ಅಂತೆ, ಶುಭೋದಯ! ನಿಮಗೆ ನಾನು ಬೇಡ ಅನ್ನಿಸಿದ್ರೆ ನೇರವಾಗಿ ಹೇಳ್ಬೋದಿತ್ತಲ್ಲ? ಈ ಗೆರೆ ನೋಡಿ ಅಸಹ್ಯ ಆಯ್ತಾ? ಇಲ್ಲಾ ಇವಳು ಜೀವನಪೂರ್ತಿ ರೋಗಿ ಅನ್ನಿಸ್ತಾ?"

"ಏನಂತಿದೀರಾ?" ಅವನಿಗೆ ದಿಗಿಲಾಯಿತು. "ಆವತ್ತು... ಆ ಸದ್ದು ನನ್ನ ಕಿವಿಯಿಂದ ಹೋಗೇ ಇಲ್ಲ ಶಶಿರೇಖಾ. ನನ್ನಿಂದ ನಿಮ್ಮ ಎದೆ ಮುರೀತು ಅಂದ್ಕೊಂಡೆ. ನೀವೇ ಬರಬೇಡಿ ಅಂದ್ರಿ. ನಾನು ಬಾಯಿ ಬಿಟ್ರೆ ನಿಮಗೆ ನೋವು. ಅದಕ್ಕೇ... ಏನೂ ತಮಾಷೆ ಇಲ್ಲದ ಮಾತು ಹುಡುಕಿ ಹುಡುಕಿ ಬರೀತಿದ್ದೆ."

"ಏನೂ ಮುರಿದಿರಲಿಲ್ಲ!"

"ಹಾಂ?"

"ಮೂಳೆ ಕೂಡೋ ಸದ್ದಂತೆ ಅದು! ನೋವಾಯ್ತು, ಅದಕ್ಕೆ ಕೂಗಿದೆ. ನೋವಲ್ಲಿ ಅಂದ ಮಾತನ್ನ ಯಾರಾದ್ರೂ ಅಷ್ಟು ನಿಜ ಮಾಡ್ಕೋತಾರಾ? ನಿಮಗೂ ಪಕ್ಕೆ ಕೊಯ್ದಿದ್ರಲ್ಲ, ನಿಮಗೆ ನಗುವಾಗ ನೋಯ್ತಿರ್ಲಿಲ್ವಾ?"

ಅವನ ಕೈ ತಾನಾಗಿಯೇ ಎಡ ಪಕ್ಕೆಗೆ ಹೋಯಿತು.

"ನೋಯ್ತಿತ್ತು. ಜೀವ ಕಿತ್ಕೊಂಡು ಬರ್ತಿತ್ತು. ಈಗಲೂ ಒಂದೊಂದ್ಸಲ ಬೆಂಕಿ ಇಟ್ಟಂಗೆ ಉರಿಯುತ್ತೆ."

ಶಶಿರೇಖ ಬೆರಗಾಗಿ ನೋಡಿದಳು. ಆ ಕಾರಿಡಾರಿನಲ್ಲಿ ಇವನು ಒಂದು ಸಲವೂ ಅಮ್ಮಾ ಅಂದಿರಲಿಲ್ಲ. ಅವಳು ನಗುತ್ತಾ ನರಳುವಾಗಲೆಲ್ಲ ಇವನೂ ಒಳಗೊಳಗೇ ನರಳಿದ್ದನೇ!

"ಮತ್ತೆ... ಯಾಕೆ ನಗಿಸ್ತಿದ್ರಿ?"

"ನೀವು ನಗೋದನ್ನ ನೋಡೋಕೆ," ಎಂದ ನರೇಶ. "ಅದನ್ನ ನೋಡಿದ್ರೆ ನನ್ ನೋವು ನಂಗೆ ಲೆಕ್ಕಕ್ಕೇ ಬರ್ತಿರ್ಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಎಷ್ಟು ಚೆನ್ನಾಗಿ ಹೊಲಿದಿದ್ದರೇನು, ಈ ಮಾತು ಅವಳ ಎದೆಯೊಳಗೆ ಹೋಗಿಯೇ ಹೋಯಿತು.

"ಇವತ್ತು ಡಾಕ್ಟರು ನಂಗೆ ದಿನಾ ನಗ್ಬೇಕು ಅಂದಿದ್ದಾರೆ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ನಗಿಸಿ."

"ಈಗ್ಲಾ?"

"ಈಗ್ಲೇ!"

ನರೇಶ ಬಾಯಿ ತೆರೆದ. ಮುಚ್ಚಿದ. ತಲೆ ಕೆರೆದುಕೊಂಡ. ಚಾವಣಿ ನೋಡಿದ.

"ಅದು... ಅಂದ್ರೆ... ಶಶಿರೇಖಾ, ನೀವಿಷ್ಟು ಹತ್ತಿರ ನಿಂತ್ರೆ ನಂಗೆ ಒಂದೂ ಹೊಳೀತಿಲ್ಲ..."

ಅವನ ಆ ಅವಸ್ಥೆ ನೋಡಿ ಅವಳು ನಕ್ಕಳು. ತಡೆಯದೆ, ಅಳೆಯದೆ, ಎದೆಯ ತುಂಬ ಉಸಿರು ತುಂಬಿಕೊಂಡು, ಎದುರಿನ ಹೋಟೆಲಿನಲ್ಲಿ ಬೆನ್ನು ಹಾಕಿ ಕೂತಿದ್ದ ಅಪ್ಪನಿಗೂ ಕೇಳಿಸುವಷ್ಟು ಜೋರಾಗಿ ನಕ್ಕಳು. ನಡುವೆ ಒಮ್ಮೆ ಚುಳ್ ಎಂದಿತು. ಎದೆಗೆ ಕೈ ಹೋಯಿತು.

ನರೇಶ ಗಾಬರಿಯಾಗಿ ಅವಳ ಆ ಕೈಯನ್ನೇ ಹಿಡಿದುಕೊಂಡ. "ನೋವಾಯ್ತಾ?"

"ಆಯ್ತು."

"ನನ್ ಜತೆ ಇದ್ರೆ ದಿನಾ ಆಗುತ್ತೆ ಶಶಿ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಆಗ್ಲಿ," ಎಂದಳು. "ನಿಲ್ಲಿಸ್ಬೇಡಿ."