ಐದನೆಯ ಚುಕ್ಕೆ

ಲಕೋಟೆ ಅಂಟಿಸಿದಂತೆಯೇ ಇತ್ತು. ಸಹಿ ಮಾತ್ರ ಎರಡು ತುಂಡಾಗಿತ್ತು.

ಭಾನುವಾರ ಬೆಳಿಗ್ಗೆ ಎಂಟೂವರೆ. ಕೊಲ್ಲಿ ದೇಶದ ಜಾಬ್ರಿಯಾದಲ್ಲಿ ಒಂದು ಖಾಸಗಿ ಆಸ್ಪತ್ರೆಯ ಸ್ಕ್ಯಾನ್ ವಿಭಾಗ. ಅಲ್ಲಿಯ ಭೌತವಿಜ್ಞಾನಿ ರೊನಾಲ್ಡ್ ಲಕೋಟೆಯನ್ನು ಬೆಳಕಿಗೆ ಹಿಡಿದ. ಅಂಟಿಸಿದ ಗೆರೆಯ ಮೇಲೆ ತಾನೇ ಹಾಕಿದ್ದ ಸಹಿ. ಈಗ ಮೇಲಿನ ಅರ್ಧ ಕೆಳಗಿನ ಅರ್ಧಕ್ಕೆ ಕೂಡುತ್ತಿಲ್ಲ. ಯಾರೋ ಬಿಚ್ಚಿ, ಓದಿ, ಮತ್ತೆ ಅಂಟಿಸಿದ್ದಾರೆ.

ಹತ್ತು ನಿಮಿಷದಲ್ಲಿ ಕಳ್ಳನೂ ಸಿಕ್ಕಿದ. ಕಮಲಾಕ್ಷ. ಐವತ್ತಾರು ವರ್ಷದ ಅಟೆಂಡರ್. ಲಕೋಟೆ ಇಟ್ಟ ಕಪಾಟಿನದೂ ಸೇರಿ ಎಲ್ಲ ಕೀಲಿಕೈಗಳೂ ಅವನ ಚಹಾದ ಕೋಣೆಯ ಮೊಳೆಯಲ್ಲಿ ತೂಗುತ್ತಿದ್ದವು, ಅಷ್ಟೇ ಸಾಕಾಯಿತು. ಓದಿದವರ ಕಡೆ ಏನು ಕಳೆದರೂ ಮೊದಲು ತಡಕುವುದು ಕೆಲಸದವನ ಜೇಬನ್ನೇ. ಮ್ಯಾನೇಜರ್ ಆಂಥೋನಿ ಇಡೀ ವಿಭಾಗದ ಎದುರು ಅವನನ್ನು ಕಳ್ಳ ಅಂದ.

"ಮಧ್ಯಾಹ್ನ ಒಂದರೊಳಗೆ ರಿಪೋರ್ಟ್ ಬರೆದು ಕೊಡು ಬಾವಾ. ಇವನ ಇಕಾಮಾ ಪರ್ಮಿಟ್ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸುವ."

ಬಾವಾ ಸೆಕ್ಯೂರಿಟಿ ಸೂಪರ್‌ವೈಸರ್. ಉಳ್ಳಾಲದವ. ವಯಸ್ಸು ಇಪ್ಪತ್ತೊಂಬತ್ತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವ.

"ಬರೆಯುವ ಸರ್. ಮೊದಲು ನೋಡುವ."

* * *

ಕಮಲಾಕ್ಷ ಚಹಾದ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ.

"ನಿನ್ನೆ ಮೊನ್ನೆ ಕೀಲಿ ಯಾರು ತಕ್ಕೊಂಡದ್ದು ಕಮಲಾಕ್ಷಣ್ಣ?"

"ಮೊಳೆಯಲ್ಲಿ ಇರ್ತದಲ್ಲ ಮಾರಾಯ. ಬೇಕಾದವರು ತಕ್ಕೊಳ್ತಾರೆ. ನಾನು ಊಟಕ್ಕೆ ಹೋದ್ರೆ ನನಗೆಂಥ ಗೊತ್ತು?"

"ಲಕೋಟೆಯಲ್ಲಿ ಎಂಥ ಇತ್ತು?"

"ಯಾರದ್ದೋ ಪ್ರಮೋಷನ್ ಕಾಗದ ಅಂತ ಎಣಿಸಿದ್ದೆ." ಅವನು ಮೊಳೆಯ ಕೀಲಿಗಳ ಕಡೆ ನೋಡಿದ. "ಊರಿಗೆ ಹೋಗ್ಲಿಕ್ಕೆ ಬೇಜಾರಿಲ್ಲ ಬಾವಾ. ಒಂದು ದಿನ ಹೋಗ್ಲಿಕ್ಕೇ ಉಂಟು. ಇಪ್ಪತ್ತೆರಡು ವರ್ಷ ದುಡಿದು ಕಳ್ಳ ಅಂತ ಹೋಗುದಾ?"

* * *

"ಒಳಗೆ ಇದ್ದದ್ದು ಒಂದು ಉತ್ತರದ ಹಾಳೆ," ಎಂದ ರೊನಾಲ್ಡ್. "ಮುಂದಿನ ತಿಂಗಳು ಗಡ್ಡೆ ಹುಡುಕುವ ಹೊಸ ಪೆಟ್ ಸ್ಕ್ಯಾನರ್ ಬರ್ತದೆ. ಅದಕ್ಕೆ ಯಾವ ಸೆಟ್ಟಿಂಗ್ ಅಂತ ಈಗಲೇ ನೋಡ್ಬೇಕು. ಹಾಗೆ ಕಂಪ್ಯೂಟರ್‌ನಲ್ಲಿ ಒಬ್ಬ ಸುಳ್ಳು ರೋಗಿಯನ್ನು ಮಾಡಿದೆ. ಮೈಯೊಳಗೆ ಗಡ್ಡೆಯ ಹಾಗೆ ಚುಕ್ಕೆ ಇಟ್ಟೆ. ಎಲ್ಲೆಲ್ಲಿ ಅಂತ ಹಾಳೆಯಲ್ಲಿ ಉಂಟು."

"ಸೆಟ್ಟಿಂಗ್ ಅಂದ್ರೆ?"

"ಸ್ಕ್ಯಾನರ್ ಕೊಡುದು ಬರೇ ಅಂಕಿ. ಕಂಪ್ಯೂಟರ್ ಅದರಿಂದ ಸುತ್ತು ಸುತ್ತಾಗಿ ಚಿತ್ರ ಕಟ್ತದೆ. ಸುತ್ತು ಜಾಸ್ತಿ ಆದ್ರೆ ಚುಕ್ಕೆ ಚೂಪು, ಆದ್ರೆ ಚಿತ್ರ ಇಡೀ ಮರಳು ಎರಚಿದ ಹಾಗೆ. ನಯ ಮಾಡುವ ಫಿಲ್ಟರ್ ಜಾಸ್ತಿ ಹಾಕಿದ್ರೆ ನೋಡ್ಲಿಕ್ಕೆ ಚಂದ. ಸಣ್ಣ ಚುಕ್ಕೆ ಕರಗಿ ಹೋಗ್ತದೆ."

ಯಾರ ಸೆಟ್ಟಿಂಗಿನಲ್ಲಿ ಚುಕ್ಕೆ ಸರಿಯಾಗಿ ಕಾಣುತ್ತದೆ ಎಂದು ಸ್ಪರ್ಧೆ ಇಟ್ಟಿದ್ದರು. ಅದರಲ್ಲಿದ್ದವರು ಇಬ್ಬರು ಟೆಕ್ನೀಷಿಯನ್ನರು, ರಿಯೋನಾ ಮತ್ತು ಬ್ರಯಾನ್. ಗುರುವಾರವೇ ಸೆಟ್ಟಿಂಗ್ ಬರೆದುಕೊಟ್ಟಿದ್ದರು. ಅದರಲ್ಲಿ ಕಂಡ ಚುಕ್ಕೆಗಳನ್ನು ಶನಿವಾರ ಸಂಜೆಯೊಳಗೆ ಗುರುತಿಸಿ ಕೊಡಬೇಕಿತ್ತು. ಗೆದ್ದವರಿಗೆ ಹೊಸ ಯಂತ್ರದ ಉಸ್ತುವಾರಿ.

ಬಾವಾ ಗೇಟಿನ ರಿಜಿಸ್ಟರ್ ತಿರುವಿದ. ಶನಿವಾರ ಇಬ್ಬರಿಗೂ ಡ್ಯೂಟಿ. ಶುಕ್ರವಾರ ರಜೆ. ಆದರೂ ರಿಯೋನಾ ಬಂದು ಎರಡು ಗಂಟೆ ಇದ್ದಳು.

* * *

"ಮಹಬೂಲಾದಿಂದ ರಜೆ ದಿನ ಬಸ್ ಹಿಡಿದು ಬಂದದ್ದು ಯಾಕೆ ಮೇಡಂ?"

"ನನ್ನ ಸೆಟ್ಟಿಂಗಿಗೆ ಸುತ್ತು ಜಾಸ್ತಿ ಬಾವಾ. ಕಂಪ್ಯೂಟರ್ ಎರಡು ಗಂಟೆ ತಕ್ಕೊಳ್ತದೆ. ಬೇರೆ ದಿನ ಯಾರು ಬಿಡ್ತಾರೆ? ಬ್ರಯಾನ್ ಅಂತೂ ಕುರ್ಚಿಯಿಂದ ಏಳುದೇ ಇಲ್ಲ."

ಅವಳು ತನ್ನ ಕಾಗದದಲ್ಲಿ ಐದು ಚುಕ್ಕೆ ಗುರುತಿಸಿದ್ದಳು. ಉತ್ತರದ ಹಾಳೆಯಲ್ಲೂ ಐದು. ಬಾವಾ ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದ. ನಾಲ್ಕು ಕೂಡಿದವು. ಅವಳ ಐದನೆಯದು ಎಡ ಶ್ವಾಸಕೋಶದಲ್ಲಿ. ಹಾಳೆಯ ಐದನೆಯದು ಮೂತ್ರಕೋಶದ ಪಕ್ಕ.

ಕದ್ದು ಓದಿದವಳು ತಪ್ಪು ಬರೆಯುತ್ತಾಳೆಯೇ?

ಬ್ರಯಾನನ ಕಾಗದ ಹಿಡಿದ. ಐದಕ್ಕೆ ಐದೂ ಸರಿ.

"ಅವನ ಕಣ್ಣು ಹಾಗೆ," ಎಂದ ರೊನಾಲ್ಡ್.

"ಆ ಕಣ್ಣಿಗೆ ಕಂಡದ್ದು ನನಗೂ ತೋರಿಸಿ ಸರ್. ಅವರಿಬ್ಬರನ್ನೂ ಕರೀರಿ."

* * *

ಬ್ರಯಾನನ ಚಿತ್ರ ಪರದೆಗೆ ಬಂತು. ಗಾಜಿನಂತೆ ನುಣುಪು. ನಾಲ್ಕು ಚುಕ್ಕೆ. ಮೂತ್ರಕೋಶದ ಸುತ್ತ ಬರೀ ಬೆಳಕು.

"ಐದನೆಯದಕ್ಕೆ ಬೆರಳು ಇಡಿ ಬ್ರಯಾನ್ ಸರ್."

"ಇದೆಲ್ಲ ನಿನಗೆ ಅರ್ಥ ಆಗುದಿಲ್ಲ ಬಾವಾ. ಓದಿರಬೇಕು."

"ಓದ್ಲಿಲ್ಲ. ಅದಕ್ಕೇ ಕೇಳಿದ್ದು. ಬೆರಳು ಇಡಿ."

ಬ್ರಯಾನ್ ಬೆಳಕಿನ ಅಂಚಿಗೆ ಬೆರಳಿಟ್ಟ. "ಸ್ವಲ್ಪ ಮಸುಕು ಉಂಟು. ಅನುಭವದ ಕಣ್ಣಿಗೆ ಕಾಣ್ತದೆ."

"ರೊನಾಲ್ಡ್ ಸರ್, ನಯ ಕಮ್ಮಿ ಮಾಡಿ. ಮಸುಕು ಚೂಪಾಗ್ಲಿ."

ರೊನಾಲ್ಡ್ ಫಿಲ್ಟರ್ ಇಳಿಸಿದ. ಚುಕ್ಕೆ ಇಲ್ಲ. ಸುತ್ತು ಸ್ವಲ್ಪ ಏರಿಸಿದ. ಮರಳು ಎದ್ದಿತು, ಚುಕ್ಕೆ ಇಲ್ಲ. ಇನ್ನೂ ಒಂದೆರಡು ಸೆಟ್ಟಿಂಗ್ ಹಾಕಿ ನೋಡಿದ. ಕೊನೆಗೆ ಸುಳ್ಳು ರೋಗಿಯನ್ನು ಮಾಡಿದ ಮೂಲ ಫೈಲನ್ನೇ ತೆರೆದ. ಅವನ ಕಿವಿ ಕೆಂಪಾಯಿತು.

"ಅಲ್ಲಿ ಚುಕ್ಕೆಯೇ ಇಲ್ಲ. ಹಾಳೆ ಪ್ರಿಂಟ್ ಮಾಡಿದ ಮೇಲೆ ಮೂತ್ರಕೋಶದ ಬೆಳಕಿನ ಪಕ್ಕ ಚುಕ್ಕೆ ಕಾಣ್ಲಿಕ್ಕಿಲ್ಲ, ಬೇಡ ಅನ್ನಿಸಿತು. ಫೈಲಿನಿಂದ ತೆಗೆದೆ. ಹಾಳೆ ಬದಲಿಸ್ಲಿಕ್ಕೆ ಮರೆತೆ. ನನ್ನದೇ ತಪ್ಪು."

ಬಾವಾ ರಿಯೋನಾಳ ಚಿತ್ರ ಹಾಕಿಸಿದ. ಎಡ ಶ್ವಾಸಕೋಶದಲ್ಲಿ ಒಂದು ಮರಳಿನ ಕಣ ದಪ್ಪವಾಗಿ ಹೊಳೆಯುತ್ತಿತ್ತು.

"ರಿಯೋನಾ ಮೇಡಂ ತಪ್ಪಿದ್ದು. ಆದ್ರೆ ಚಿತ್ರ ನೋಡಿಯೇ ತಪ್ಪಿದ್ದು. ನಿಮ್ಮ ಐದನೆಯದು ಯಾವ ಚಿತ್ರದಲ್ಲೂ ಇಲ್ಲ ಬ್ರಯಾನ್ ಸರ್. ಲೋಕದಲ್ಲಿ ಅದು ಇದ್ದದ್ದು ಒಂದೇ ಕಡೆ. ಲಕೋಟೆಯೊಳಗಿನ ಹಾಳೆಯಲ್ಲಿ."

ಬ್ರಯಾನ್ ಪರದೆಗೆ ಬೆನ್ನು ಹಾಕಿ ಕೂತ.

"ನನಗೆ ನಾಲ್ಕೇ ಕಂಡದ್ದು. ಅವಳು ಐದು ಗುರುತಿಸಿದ್ದು ನೋಡಿದೆ, ಹೆದರಿಕೆ ಆಯ್ತು. ಶನಿವಾರ ಕಮಲಾಕ್ಷ ಊಟಕ್ಕೆ ಹೋದಾಗ ಕೀಲಿ ತಕ್ಕೊಂಡೆ."

"ಇದ್ದದ್ದೇ ನಾಲ್ಕು," ಎಂದ ರೊನಾಲ್ಡ್ ಮೆಲ್ಲಗೆ. "ಸುಮ್ಮನಿದ್ದಿದ್ರೆ ನೀನೇ ಗೆಲ್ತಿದ್ದೆ."

* * *

ಒಂದಕ್ಕೆ ಐದು ನಿಮಿಷ ಇತ್ತು. ಆಂಥೋನಿ ತನ್ನ ಕೋಣೆಯಲ್ಲಿ ರಿಪೋರ್ಟ್ ಓದಿ ಮುಗಿಸಿದ.

"ಖಲಾಸ್. ಕಮಲಾಕ್ಷ, ನೀನು ಕೆಲಸಕ್ಕೆ ಹೋಗು."

ಕಮಲಾಕ್ಷ ಕದಲಲಿಲ್ಲ.

"ಏನು, ಇನ್ನೂ ಏನಾದ್ರೂ ಉಂಟಾ?"

"ಬೆಳಿಗ್ಗೆ ಎಲ್ಲರ ಎದುರು ಕಳ್ಳ ಅಂತ ಹೇಳಿದ್ರಿ ಸರ್. ಈಗ ಇಲ್ಲಿ ಮೂರೇ ಜನ."

"ಎಲ್ಲರಿಗೂ ಕೆಲಸ ಉಂಟಲ್ಲ."

"ಕಾಯ್ತೇನೆ." ಅವನು ಎದುರಿನ ಕುರ್ಚಿ ಎಳೆದು ಕೂತ. ಆ ಕೋಣೆಯಲ್ಲಿ ಅವನು ಕೂತದ್ದು ಅದೇ ಮೊದಲು.

ಬಾವಾ ಬಾಗಿಲು ತೆರೆದು ಕಾರಿಡಾರಿಗೆ ಹೋದ. ಒಬ್ಬೊಬ್ಬರ ಹೆಸರು ಹಿಡಿದು ಕರೆಯುವ ಅವನ ದನಿ ಒಳಗೆ ಕೇಳುತ್ತಿತ್ತು. ಚಪ್ಪಲಿಗಳ ಸದ್ದು ಹತ್ತಿರವಾಯಿತು.

ಆಂಥೋನಿ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ.